ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ: ನೀರು ಎಲ್ಲಿ ಹೊಕ್ಕಿದೆ ಎಂದು ಹುಡುಕುವ ಕ್ರಮ

1970, 80ರ ದಶಕದಲ್ಲಿ ಕಟ್ಟಿದ 27ರಿಂದ 32 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ ಅಮೆರಿಕದಲ್ಲಿ ಒಂದು ಹಳೆಯ ಕಾರಿನ ಬೆಲೆಗೆ ಸಿಗುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ವಾರಾಂತ್ಯಕ್ಕೆ, ರಜೆಯ ಕರಾವಳಿ ಪಯಣಕ್ಕೆ ಇಂಥದ್ದೊಂದನ್ನು ಕೊಳ್ಳುವ ಆಸೆ ಇರುವವರಿದ್ದಾರೆ. ಕೊಂಡವರಲ್ಲಿ ಅನೇಕರು ಎರಡನೇ ಬೇಸಿಗೆಗೆ ಕೈಚೆಲ್ಲುತ್ತಾರೆ, ಮತ್ತು ಕಾರಣ ಹೆಚ್ಚಾಗಿ ಒಂದೇ: ನೋಡುವ ಕ್ರಮ ತಲೆಕೆಳಗಾಗಿರುತ್ತದೆ. ಕ್ಯಾಬಿನ್ನಿನ ಹಾಸಿಗೆ, ಒಲೆ, ಜಿಪಿಎಸ್ ನೋಡಿ ಮನಸೋಲುತ್ತಾರೆ, ಎಂಜಿನ್ ಒಮ್ಮೆ ಶುರು ಮಾಡಿಸಿ ಕೇಳುತ್ತಾರೆ, ಡೆಕ್ಕಿನ (ದೋಣಿಯ ಮೇಲ್ಹಾಸಿನ) ಮೇಲೆ ನಾಲ್ಕು ಹೆಜ್ಜೆ ನಡೆದು ಹಣ ಕೊಟ್ಟುಬಿಡುತ್ತಾರೆ. ಹಾಳಾದ ಹಾಸಿಗೆಗೆ ಕೆಲವು ನೂರು ಡಾಲರ್ ಸಾಕು. ಕೊಳೆತ ಡೆಕ್ಕಿಗೆ ದೋಣಿಯ ಬೆಲೆಯೇ ಸಾಲದು.

ಹಳೆಯ ದೋಣಿಯ ದೊಡ್ಡ ರೋಗಗಳೆಲ್ಲ ಹೋಗಬಾರದ ಕಡೆ ನೀರು ಹೋದದ್ದರಿಂದಲೇ ಬಂದವು. ಆದ್ದರಿಂದ ಇಲ್ಲಿನ ಹಂತಗಳು ನೀರಿನ ದಾರಿಯನ್ನೇ ಹಿಡಿದು ಸಾಗುತ್ತವೆ: ಮೇಲಿನಿಂದ ಕೆಳಕ್ಕೆ, ದುಬಾರಿಯಿಂದ ಅಗ್ಗಕ್ಕೆ, ಪುಕ್ಕಟೆ ಪರೀಕ್ಷೆಯಿಂದ ಹಣ ಕೊಟ್ಟು ಮಾಡಿಸುವ ಪರೀಕ್ಷೆಗೆ. ಉದಾಹರಣೆ ಬೇಕಾದಲ್ಲಿ ಕ್ಯಾಟಲಿನಾ 30 ಎಂಬ ಮಾದರಿಯನ್ನು ಹಿಡಿದಿದ್ದೇವೆ. ಆರು ಸಾವಿರಕ್ಕೂ ಹೆಚ್ಚು ಕಟ್ಟಲಾದ ದೋಣಿ ಅದು. ಮಾರಾಟಕ್ಕೆ ಸದಾ ಇರುತ್ತದೆ, ಅದರ ದೋಷಗಳೂ ಎಲ್ಲರಿಗೂ ಗೊತ್ತಿರುವಂಥವು.

ಹಂತ 1: ಮನೆಯಲ್ಲೇ ಕೂತು ಲೆಕ್ಕ ಹಾಕಿ

ಕೈಯಲ್ಲಿರುವ ಹಣವನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ದೋಣಿ, ಇನ್ನೊಂದು ಪಾಲು ಮೊದಲ ವರ್ಷದ ರಿಪೇರಿಗೆ. ಹತ್ತು ಸಾವಿರ ಡಾಲರ್ ಇದ್ದರೆ ಐದು ಸಾವಿರದ ದೋಣಿ ಹುಡುಕಬೇಕು, ಹತ್ತು ಸಾವಿರದ್ದಲ್ಲ.

ದೋಣಿ ಕಟ್ಟಿಡುವ ತಂಗುದಾಣದ, ಅಂದರೆ ಮರೀನಾದ, ಬಾಡಿಗೆ ಇದರ ಹೊರಗಿನದು. ಬಾಡಿಗೆಯನ್ನು ಉದ್ದದ ಮೇಲೆ ಲೆಕ್ಕ ಹಾಕುತ್ತಾರೆ. ಅಡಿಗೆ ತಿಂಗಳಿಗೆ 15 ಡಾಲರ್ ಇದ್ದರೆ 30 ಅಡಿಯ ದೋಣಿಗೆ ವರ್ಷಕ್ಕೆ 5,400 ಡಾಲರ್ ಆಯಿತು. ವಿಮೆ ಕಂಪನಿಗೂ ಮೊದಲೇ ಫೋನ್ ಮಾಡಿ, ದೋಣಿ ಕಟ್ಟಿದ ವರ್ಷ ಹೇಳಿ ವಿಚಾರಿಸಿ. ಇಷ್ಟು ಹಳೆಯ ದೋಣಿಗೆ ಸರ್ವೆ ವರದಿ (ಪರಿಣತರು ದೋಣಿಯನ್ನು ಪರೀಕ್ಷಿಸಿ ಕೊಡುವ ವರದಿ) ಇಲ್ಲದೆ ವಿಮೆ ಸಿಗುವುದು ಕಷ್ಟ, ವಿಮೆ ಇಲ್ಲದ ದೋಣಿಗೆ ಬಹಳಷ್ಟು ಮರೀನಾಗಳು ಜಾಗ ಕೊಡುವುದಿಲ್ಲ. ದೋಣಿ ಕೊಂಡ ಮೇಲೆ ಈ ಗಂಟು ಬಿಡಿಸಲು ಕೂತವರು ಬಹಳ ಪರದಾಡುತ್ತಾರೆ.

ಹಂತ 2: ಚೀಲದಲ್ಲಿ ಏನಿರಬೇಕು

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಪ್ರಖರ ಟಾರ್ಚ್, ಹಿಡಿಯಿರುವ ಪುಟ್ಟ ಕನ್ನಡಿ, ದಬ್ಬಳ, ಭೂತಗನ್ನಡಿ, ದುರ್ಬೀನು, ಮಲ್ಟಿಮೀಟರ್, ಸೀಮೆಸುಣ್ಣ, ಬಿಳಿ ಟಿಶ್ಯೂ ಕಾಗದ, ಕೊಳೆಯಾದರೂ ಬೇಸರವಾಗದ ಬಟ್ಟೆ. ತೇವ ಅಳೆಯುವ ಮೀಟರ್ ಇದ್ದರೆ ತನ್ನಿ, ಆದರೆ ಅದರ ಅಂಕಿಯನ್ನೇ ನಂಬಬೇಡಿ. ಒಳಗಿನ ಲೋಹ, ದೋಣಿಯ ಹೊರಮೈಯಾದ ಹಲ್‌ಗೆ ಬಳಿದ ತಾಮ್ರದ ಬಣ್ಣ ಎರಡೂ ಅದನ್ನು ದಾರಿ ತಪ್ಪಿಸುತ್ತವೆ. ಒಂದೇ ಡೆಕ್ಕಿನ ಎರಡು ಜಾಗಗಳನ್ನು ಹೋಲಿಸಲು ಮಾತ್ರ ಅದು ಉಪಯುಕ್ತ.

ಮಳೆ ನಿಂತ ಮರುದಿನ ಹೋಗುವುದು ಒಳ್ಳೆಯದು. ಸೋರುವ ಜಾಗ ಅಂದು ತಾನಾಗಿ ಕಾಣುತ್ತದೆ. ಎಂಜಿನ್ ಬಿಸಿ ಮಾಡಿ ಇಡಬೇಡಿ ಎಂದು ಮಾಲೀಕರಿಗೆ ಮೊದಲೇ ಹೇಳಿರಿ.

ಹಂತ 3: ಡೆಕ್ಕನ್ನು ಕಿವಿಯಿಂದ ನೋಡಿ

ಇದಕ್ಕೆ ಎರಡು ಗಂಟೆ ಮೀಸಲಿಡಿ. ಉಳಿದೆಲ್ಲಕ್ಕಿಂತ ಹೆಚ್ಚು ಹಣ ಇಲ್ಲಿಯೇ ಮುಳುಗುತ್ತದೆ.

ಮಲ್ಪೆ, ಮಂಗಳೂರಿನ ಕಡೆಯವರಿಗೆ ಫೈಬರ್ ದೋಣಿ ಹೊಸದಲ್ಲ. ಆದರೆ ಈ ಹಾಯಿದೋಣಿಗಳ ಡೆಕ್ ಒಂದೇ ಪದರದ ಫೈಬರ್ ಅಲ್ಲ. ಮೇಲೊಂದು ಕೆಳಗೊಂದು ತೆಳುವಾದ ಫೈಬರ್ ಪದರ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ಡಿನ ತಿರುಳು. ಹಗುರವಾಗಿಯೂ ಗಟ್ಟಿಯಾಗಿಯೂ ಇರಲೆಂದು ಹೀಗೆ ಕಟ್ಟಿದ್ದಾರೆ. ಡೆಕ್ಕಿಗೆ ಬೋಲ್ಟ್ ಹಾಕಿದ ಪ್ರತಿ ತೂತೂ ಈ ತಿರುಳನ್ನು ಹಾದುಹೋಗುತ್ತದೆ. ತೂತಿಗೆ ತುಂಬಿದ ಸೀಲೆಂಟ್ ಹತ್ತು ಹದಿನೈದು ವರ್ಷಕ್ಕೆ ಒಣಗಿ ಬಿಡುತ್ತದೆ, ನೀರು ಹನಿಹನಿಯಾಗಿ ಒಳಗಿಳಿದು ಮರವನ್ನು ಕೊಳೆಸುತ್ತದೆ. ಮೇಲಿನ ಫೈಬರ್ ಮಾತ್ರ ಹೊಸದರಂತೆ ಹೊಳೆಯುತ್ತಲೇ ಇರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು.

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರಲ್ಲ, ಕೆಲಸ ಅದೇ. ಸುತ್ತಿಗೆಯಿಂದ ಮೂರು ನಾಲ್ಕು ಅಂಗುಲಕ್ಕೊಮ್ಮೆ ಮೆಲ್ಲಗೆ ಬಡಿಯುತ್ತ ಸಾಗಿ. ಗಟ್ಟಿ ಡೆಕ್ ‘ಟಕ್’ ಎಂದು ಚುರುಕಾಗಿ ದನಿಗೊಡುತ್ತದೆ, ಸುತ್ತಿಗೆಯೂ ಕೈಯಲ್ಲಿ ಪುಟಿಯುತ್ತದೆ. ತಿರುಳು ಬಿಟ್ಟುಕೊಂಡ ಅಥವಾ ಕೊಳೆತ ಕಡೆ ದನಿ ‘ದಬ್’ ಎಂದು ಸಾಯುತ್ತದೆ. ಮಂದವಾದ ಜಾಗದ ಅಂಚನ್ನು ಸೀಮೆಸುಣ್ಣದಿಂದ ಗುರುತಿಸುತ್ತ ಹೋಗಿ, ಕೊನೆಗೆ ಮೇಲೆ ನಿಂತು ಫೋಟೊ ತೆಗೆಯಿರಿ. ಕೆಳಗೆ ಅಡ್ಡಗೋಡೆ ಇರುವ ಕಡೆ ದನಿ ಸಹಜವಾಗಿ ಬದಲಾಗುತ್ತದೆ. ಅದನ್ನು ಕೊಳೆತವೆಂದು ತಿಳಿಯಬೇಡಿ, ಎಡಬಲ ಎರಡೂ ಬದಿ ಬಡಿದು ಹೋಲಿಸಿ.

ಮೊದಲು ನೋಡಬೇಕಾದ ಜಾಗಗಳು: ಹಾಯಿ ಹೊರುವ ಕಂಬವಾದ ಮಾಸ್ಟಿನ ಬುಡ, ಬದಿಬೇಲಿಯ ಕಂಬಗಳ ಬುಡ, ಹಗ್ಗ ಸುತ್ತುವ ವಿಂಚ್ ಮತ್ತು ಕ್ಲೀಟ್‌ಗಳ ಸುತ್ತ, ಮಾಸ್ಟನ್ನು ಹಿಡಿದ ತಂತಿಗಳು ಡೆಕ್ಕಿಗೆ ಇಳಿಯುವ ಕಡೆ. ಬರಿಗಾಲಲ್ಲಿ ಹಿಮ್ಮಡಿಯ ಮೇಲೆ ಪೂರ್ತಿ ಭಾರ ಹಾಕಿ ನಡೆಯಿರಿ. ತಗ್ಗಿದಂತಾದರೆ, ಕಿರ್ ಎಂದರೆ, ಸ್ಕ್ರೂ ತೂತಿನಿಂದ ಕಂದು ನೀರು ಒಸರಿದರೆ ಒಳಗೆ ಕೊಳೆತಿದೆ. ಮಾಲೀಕರು ಒಪ್ಪಿದರೆ ಅನುಮಾನವಿರುವ ಕಡೆಯ ಒಂದು ಸ್ಕ್ರೂ ಬಿಚ್ಚಿ ಅದರ ಎಳೆಗಳನ್ನು ಟಿಶ್ಯೂವಿಗೆ ಒರೆಸಿ ನೋಡಿ. ಒಣ ಮರದ ತಿಳಿಬಣ್ಣದ ಪುಡಿ ಬಂದರೆ ನೆಮ್ಮದಿ. ಕಾಫಿ ಗಸಿಯಂತೆ ಕಪ್ಪಗೆ ಒದ್ದೆ ಬಂದರೆ ತಿರುಳು ಮುಗಿದಿದೆ.

ಅಂಗೈಯಗಲದ ಎರಡು ಮೂರು ಮೆತ್ತನೆ ಜಾಗ ಇದ್ದರೆ ಕೈಕೆಲಸ ಬಲ್ಲವರು ತಾವೇ ಸರಿಪಡಿಸಿಕೊಳ್ಳಬಹುದು. ಮಾಸ್ಟಿನ ಬುಡ ಮೆತ್ತಗಿದ್ದರೆ, ಅಥವಾ ಸೀಮೆಸುಣ್ಣದ ಗುರುತು ಡೆಕ್ಕಿನ ಕಾಲುಭಾಗ ದಾಟಿದರೆ ಅಲ್ಲಿಗೇ ನಿಲ್ಲಿಸಿ, ಮಾಲೀಕರಿಗೆ ನಮಸ್ಕಾರ ಹೇಳಿ ಹೊರಡಿ. ತೇಗದ ಪಟ್ಟಿ ಹೊದಿಸಿದ ಡೆಕ್ ನೋಡಲು ಚೆಂದ, ಆದರೆ ಅದರಲ್ಲಿ ನೂರಾರು ಸ್ಕ್ರೂ ತೂತುಗಳಿರುತ್ತವೆ. ಕಡಿಮೆ ಹಣದಲ್ಲಿ ಕೊಳ್ಳುವವರು ಅದರ ಆಸೆ ಬಿಡುವುದು ಲೇಸು.

ಬಣ್ಣದ ಪದರದಲ್ಲಿ ಜೇಡರಬಲೆಯಂಥ ಕೂದಲೆಳೆ ಬಿರುಕು ಕಂಡು ಗಾಬರಿಯಾಗುವವರು ಬಹಳ. ಅಲ್ಲಲ್ಲಿ ಚದುರಿದ ಬಿರುಕು ವಯಸ್ಸಿನದು. ಒಂದೇ ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ ಅಥವಾ ಫಿಟ್ಟಿಂಗ್ ಅಲುಗಾಡುತ್ತಿದೆ.

ಹಂತ 4: ಕ್ಯಾಬಿನ್ನಿನೊಳಗೆ ಕಲೆಗಳನ್ನು ಓದಿ

ಒಳಗೆ ಕಾಲಿಟ್ಟ ಕೂಡಲೆ ಮೂಗು ಚುರುಕಾಗಿರಲಿ. ಬೂಷ್ಟಿನ ವಾಸನೆ ಇದ್ದರೆ ನೀರು ಒಳಗೇ ನಿಂತಿದೆ. ಸುಗಂಧ ಸಿಂಪಡಿಸಿದ್ದರೆ ಇನ್ನೂ ಹೆಚ್ಚು ಹುಡುಕಿ.

ಮಾಸ್ಟನ್ನು ಬದಿಗಳಿಂದ ಎಳೆದು ನಿಲ್ಲಿಸುವ ತಂತಿಗಳ ಭಾರವನ್ನು ದೋಣಿಗೆ ದಾಟಿಸುವ ಉಕ್ಕಿನ ಪಟ್ಟಿಗೆ ಚೈನ್‌ಪ್ಲೇಟ್ ಎನ್ನುತ್ತಾರೆ. ಅದು ಡೆಕ್ಕನ್ನು ತೂರಿ ಕೆಳಗಿಳಿದು ಬಹಳ ದೋಣಿಗಳಲ್ಲಿ ಪ್ಲೈವುಡ್ಡಿನ ಅಡ್ಡಗೋಡೆಗೆ ಬಿಗಿದಿರುತ್ತದೆ. ಪಟ್ಟಿಯ ಬುಡದಿಂದ ಚಹಾ ಬಣ್ಣದ ಗೆರೆ ಇಳಿದಿದೆಯೇ ನೋಡಿ. ಇದ್ದರೆ ಅಲ್ಲಿಯ ಪ್ಲೈವುಡ್ಡಿಗೆ ದಬ್ಬಳ ಒತ್ತಿ. ಒಳ್ಳೆಯ ಪ್ಲೈವುಡ್ ತಡೆಯುತ್ತದೆ, ಕೊಳೆತದ್ದು ಕೇಕಿನಂತೆ ದಾರಿ ಬಿಡುತ್ತದೆ.

ಪಟ್ಟಿಯ ಉಕ್ಕೂ ಅಪಾಯದಲ್ಲಿರಬಹುದು. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕು ಹಿಡಿಯದಿರುವುದು ಗಾಳಿಯ ಆಮ್ಲಜನಕದಿಂದ ಅದರ ಮೈಮೇಲೆ ಕಟ್ಟುವ ಅತಿ ತೆಳು ಪೊರೆಯಿಂದ. ಡೆಕ್ಕಿನ ಒದ್ದೆ ತಿರುಳಿನ ನಡುವೆ ಸಿಕ್ಕಿಕೊಂಡ ಭಾಗಕ್ಕೆ ಗಾಳಿ ತಾಕುವುದಿಲ್ಲ, ಪೊರೆ ಮತ್ತೆ ಕಟ್ಟುವುದಿಲ್ಲ, ಲೋಹ ಒಳಗೊಳಗೆ ಸವೆಯುತ್ತದೆ. ಮೇಲೆ ಮತ್ತು ಕೆಳಗೆ ಕನ್ನಡಿಯಂತೆ ಹೊಳೆಯುವ ಪಟ್ಟಿ ಡೆಕ್ಕಿನ ದಪ್ಪದಲ್ಲಿ ಮಾತ್ರ ಅಡ್ಡಕ್ಕೆ ಕೂದಲಿನಷ್ಟು ಬಿರುಕು ಬಿಟ್ಟಿರುತ್ತದೆ. ಬಿಚ್ಚದೆ ಅದು ಕಾಣದು. ಹಿಂದೆಂದೂ ಬಿಚ್ಚಿದ ದಾಖಲೆ ಇಲ್ಲದ ಪಟ್ಟಿಗಳನ್ನು ‘ಬದಲಿಸಬೇಕಾದದ್ದು’ ಎಂದೇ ಬರೆದುಕೊಳ್ಳಿ.

ಕ್ಯಾಟಲಿನಾ 30ರಂತೆ ಮಾಸ್ಟ್ ಡೆಕ್ಕಿನ ಮೇಲೆ ನಿಂತಿದ್ದರೆ, ಕ್ಯಾಬಿನ್ನಿನೊಳಗೆ ಅದರ ಕೆಳಗೇ ಭಾರ ಹೊರುವ ಒಂದು ಕಂಬ ಇರುತ್ತದೆ. ಆ ಕಂಬದ ಪಾದ ಬಿಲ್ಜಿನ, ಅಂದರೆ ನೆಲದ ಹಲಗೆಯ ಕೆಳಗೆ ನೀರು ಸೇರುವ ತಗ್ಗಿನ, ತೇವದಲ್ಲಿ ಮರದ ತುಂಡಿನ ಮೇಲೆ ಕೂತಿದ್ದರೆ ಆ ತುಂಡು ಕೊಳೆಯುತ್ತದೆ, ಕಂಬ ಕುಸಿಯುತ್ತದೆ, ಡೆಕ್ ತಗ್ಗುತ್ತದೆ. ಸುಲಭವಾದ ಪರೀಕ್ಷೆ ಶೌಚದ ಬಾಗಿಲು. ಅದು ಮೇಲಂಚಿನಲ್ಲಿ ಉಜ್ಜಿದರೆ, ಅಥವಾ ಅಂಚನ್ನು ಹೊಸದಾಗಿ ಕೆತ್ತಿ ಸರಿಮಾಡಿದ್ದರೆ ಕಂಬದ ಬುಡಕ್ಕೆ ಟಾರ್ಚ್ ಹಿಡಿಯಿರಿ.

ಅಡ್ಡಗೋಡೆಗಳನ್ನು ಹಲ್‌ಗೆ ಅಂಟಿಸಿದ ಫೈಬರ್ ಪಟ್ಟಿ ಎಲ್ಲಾದರೂ ಎದ್ದಿದೆಯೇ ಎಂದು ಬೀರುಗಳ ಒಳಗೆ ಕೈಹಾಕಿ ಸವರಿ ನೋಡಿ. ಒಂದು ಕಾಗದದ ತುಂಡು ಸಂದಿಯಲ್ಲಿ ತೂರಿದರೆ ಅಂಟು ಬಿಟ್ಟಿದೆ. ಹಾಸಿಗೆ, ಪರದೆ, ಒಲೆಯ ಬಣ್ಣ ಇವಕ್ಕೆ ಸಮಯ ಕೊಡಬೇಡಿ.

ಹಂತ 5: ಬಿಲ್ಜ್, ಕೀಲ್ ಬೋಲ್ಟ್, ಸೀಕಾಕ್

ನೆಲದ ಹಲಗೆಗಳನ್ನೆಲ್ಲ ಎತ್ತಿಸಿ. ದೋಣಿಯನ್ನು ನೆಟ್ಟಗಿಡುವ ಭಾರದ ಕೀಲ್ ಇಲ್ಲಿ ಬೋಲ್ಟುಗಳಿಂದ ಹಲ್‌ಗೆ ಬಿಗಿದಿರುತ್ತದೆ. ಕ್ಯಾಟಲಿನಾ 30ರಲ್ಲಿ ಸುಮಾರು 10,000 ಪೌಂಡಿನ ದೋಣಿಗೆ 4,000 ಪೌಂಡ್ ಮೀರಿದ ಸೀಸದ ಕೀಲ್ ಇದೆ. ಬೋಲ್ಟಿನ ನಟ್ಟು ತುಕ್ಕಿನಿಂದ ಪದರ ಎದ್ದಿದೆಯೇ, ಎಳೆ ಸವೆದು ಸೊಂಟ ಸಣ್ಣದಾಗಿದೆಯೇ, ಸುತ್ತಲಿನ ಫೈಬರ್‌ನಲ್ಲಿ ಬಿರುಕಿದೆಯೇ ನೋಡಿ. ಬಿಲ್ಜಿಗೆ ಹೊಸ ಬಣ್ಣ ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳಿ.

ಕೀಲಿನ ಹಿಂದಿನ ತುದಿಗೆ ಎದುರಾಗಿ ಹಲ್‌ನ ಒಳಗಿರುವ ಅಡ್ಡಪಟ್ಟಿಗಳನ್ನು ಎರಡು ಸಲ ಪರೀಕ್ಷಿಸಿ. ದೋಣಿ ಬಂಡೆಗೆ ಬಡಿದಾಗ ಕೀಲಿನ ಮುಂತುದಿ ಕೆಳಕ್ಕೆ ಎಳೆಯುತ್ತದೆ, ಹಿಂತುದಿ ಮೇಲಕ್ಕೆ ಒತ್ತುತ್ತದೆ. ಆ ಒತ್ತಿನ ಬಿರುಕು ಇಲ್ಲಿ ಉಳಿಯುತ್ತದೆ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಬ್ರಿಟಿಷ್ ಹಾಯಿದೋಣಿ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ಮಗುಚಿ ನಾಲ್ವರೂ ಪ್ರಾಣ ಕಳೆದುಕೊಂಡರು. ಹಿಂದೆ ತಳ ತಾಗಿದ್ದು, ಆಮೇಲಿನ ರಿಪೇರಿಗಳು ಇವೆಲ್ಲ ಸೇರಿ ಕೀಲ್ ಕೂತ ಜಾಗವನ್ನು ದುರ್ಬಲಗೊಳಿಸಿರಬಹುದು ಎಂದು ಅಲ್ಲಿನ ತನಿಖೆ ಹೇಳಿತು. ‘ಈ ದೋಣಿ ಎಂದಾದರೂ ತಳ ತಾಗಿದೆಯೇ?’ ಎಂದು ಮಾಲೀಕರನ್ನು ನೇರವಾಗಿ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

ಹಲ್‌ನ ತೂತುಗಳಿಗೆ ಹಾಕಿದ ಕವಾಟಗಳಿಗೆ ಸೀಕಾಕ್ ಎನ್ನುತ್ತಾರೆ. ಪ್ರತಿಯೊಂದೂ ಕಾಲು ಸುತ್ತು ಸಲೀಸಾಗಿ ತಿರುಗಬೇಕು. ಜಗ್ಗದಿದ್ದರೆ ಬಲ ಹಾಕಬೇಡಿ, ನೀರಿನಲ್ಲಿರುವ ದೋಣಿಯಲ್ಲಿ ಅದು ಮುರಿದರೆ ಅಲ್ಲೇ ಮುಳುಗೀತು. ಮನೆಯ ನಲ್ಲಿಯಂತೆ ಸುತ್ತುವ ಗೇಟ್ ವಾಲ್ವ್ ಇದ್ದರೆ ಬದಲಿಸುವ ಖರ್ಚು ಸೇರಿಸಿ. ಹಿತ್ತಾಳೆಯನ್ನು ತುಸು ಕೆರೆದಾಗ ಹಳದಿಯ ಬದಲು ಗುಲಾಬಿ ಕಂಡರೆ ಅದರ ಸತು ಸಮುದ್ರಕ್ಕೆ ಕರಗಿ ಹೋಗಿದೆ, ಉಳಿದದ್ದು ಪೊಳ್ಳು.

ಹಂತ 6: ಮಾಸ್ಟ್, ತಂತಿ, ಹಾಯಿ

ತಂತಿಗಳನ್ನು ಕೊನೆಯ ಸಲ ಬದಲಿಸಿದ ರಸೀದಿ ಕೇಳಿ. ರಸೀದಿ ಇಲ್ಲದಿದ್ದರೆ, ಅಥವಾ ಹತ್ತು ಹದಿನೈದು ವರ್ಷ ಮೀರಿದ್ದರೆ ಬದಲಿಸಲೇಬೇಕು ಎಂದು ಲೆಕ್ಕ ಹಿಡಿಯಿರಿ. 30 ಅಡಿಯ ದೋಣಿಗೆ ಅದು ಕೆಲವು ಸಾವಿರ ಡಾಲರಿನ ಬಾಬತ್ತು. ಟಿಶ್ಯೂ ಕಾಗದ ಸುತ್ತಿ ತಂತಿಯುದ್ದಕ್ಕೂ ಸವರಿ, ಮುರಿದ ಎಳೆ ಇದ್ದರೆ ಕಾಗದ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಚರ್ಮ ಕಿತ್ತುಬರುತ್ತದೆ. ತಂತಿಯ ತುದಿಗೆ ಒತ್ತಿ ಕೂರಿಸಿದ ಕೊಳವೆಯನ್ನು ಭೂತಗನ್ನಡಿಯಲ್ಲಿ ನೋಡಿ. ಉಪ್ಪುನೀರು ಕೆಳತುದಿಯ ಕೊಳವೆಯಲ್ಲಿ ನಿಲ್ಲುವುದರಿಂದ ಬಿರುಕು ಮೊದಲು ಅಲ್ಲಿಯೇ ಬರುತ್ತದೆ. ಮಾಸ್ಟಿನ ಮೇಲ್ಭಾಗವನ್ನು ದುರ್ಬೀನಿನಲ್ಲಿ ನೋಡಿದರೆ ಸದ್ಯಕ್ಕೆ ಸಾಕು.

ಹಾಯಿಯ ಹೊಲಿಗೆಗೆ ಉಗುರು ಹಾಕಿ ಎಳೆಯಿರಿ. ಬಿಸಿಲಿಗೆ ಸತ್ತ ದಾರ ಸುಲಭವಾಗಿ ಕಿತ್ತುಬರುತ್ತದೆ. ಬಟ್ಟೆ ಹಳೆಯ ಪಂಚೆಯಂತೆ ಮೆತ್ತಗಾಗಿದ್ದರೆ ಆ ಹಾಯಿಗೆ ಬೆಲೆ ಕಟ್ಟಬೇಡಿ.

ಹಂತ 7: ಎಂಜಿನ್

ಹತ್ತಿರ ಹೋದ ಕೂಡಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿದ್ದಾಗ ಶುರುವಾಗುವ ಬಗೆಯೇ ಡೀಸೆಲ್ ಎಂಜಿನ್ನಿನ ನಿಜವಾದ ಗುಣ ಹೇಳುತ್ತದೆ.

ಶುರು ಮಾಡುವ ಮೊದಲು ಆಯಿಲ್ ಕಡ್ಡಿ ಎಳೆದು ಟಿಶ್ಯೂವಿಗೆ ಒರೆಸಿ. ಕಪ್ಪಗಿದ್ದರೆ ಸಹಜ. ಹಾಲು ಬೆರೆಸಿದ ಕಾಫಿಯಂತಿದ್ದರೆ ಆಯಿಲ್‌ಗೆ ನೀರು ಸೇರಿದೆ, ಮುಂದೆ ನೋಡುವ ಅಗತ್ಯವಿಲ್ಲ. ಶುರುವಾದ ಕೂಡಲೆ ಹಿಂಬದಿಗೆ ಹೋಗಿ ಹೊಗೆಕೊಳವೆಯಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಅರೆ ನಿಮಿಷದಲ್ಲಿ ನೀರು ಬಾರದಿದ್ದರೆ ನಿಲ್ಲಿಸಿ. ನೀಲಿ ಹೊಗೆ ಉಳಿದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಗಾಳಿ ಸಾಲದ್ದನ್ನೋ ಭಾರ ಹೆಚ್ಚಾದದ್ದನ್ನೋ ಹೇಳುತ್ತದೆ. ಬಿಳಿ ಹೊಗೆ ತಣ್ಣನೆಯ ಬೆಳಿಗ್ಗೆ ಒಂದೆರಡು ನಿಮಿಷ ಇದ್ದರೆ ಚಿಂತೆಯಿಲ್ಲ, ಬಿಸಿಯಾದ ಮೇಲೂ ಹೋಗದಿದ್ದರೆ ಚಿಂತಿಸಬೇಕು.

ಬಹಳ ಮಂದಿ ಇಲ್ಲಿಗೇ ಮುಗಿಸುತ್ತಾರೆ, ಅದು ತಪ್ಪು. ದಡಕ್ಕೆ ಹಗ್ಗ ಭದ್ರವಾಗಿ ಕಟ್ಟಿ, ಗೇರ್ ಹಾಕಿ, ಹದಿನೈದು ನಿಮಿಷ ಭಾರದಲ್ಲಿ ಓಡಿಸಿ. ಎಂಜಿನ್ನಿನ ಸುತ್ತು ಗರಿಷ್ಠಕ್ಕೆ ಏರುತ್ತದೆಯೇ ಎಂಬುದನ್ನು ಮುಂದೆ ಸಮುದ್ರ ಪರೀಕ್ಷೆಯಲ್ಲಿ ನೋಡಬೇಕು. ಉದಾಹರಣೆಗೆ ಯಾನ್ಮಾರ್ 3ಜಿಎಂ30 ಎಂಜಿನ್ನಿಗೆ ಅದು ನಿಮಿಷಕ್ಕೆ 3,600 ಸುತ್ತು. ತುಂಬ ಕಡಿಮೆಗೆ ನಿಂತರೆ ಪ್ರೊಪೆಲರ್ ಗಲೀಜಾಗಿರಬಹುದು, ಅಥವಾ ಹೊಗೆಗೆ ನೀರು ಬೆರೆಯುವ ಮೊಣಕೈ ಕೊಳವೆ ಮಸಿಯಿಂದ ಕಟ್ಟಿರಬಹುದು. ಆ ಕೊಳವೆಯ ಬೆಲೆ ಕಡಿಮೆ, ಬದಲಿಸದೆ ಬಿಟ್ಟರೆ ಎಂಜಿನ್ನೇ ಹೋಗುತ್ತದೆ. ಕೂರಿಸುವ ಕೆಲಸವೂ ಸೇರಿ ಹೊಸ ಡೀಸೆಲ್ ಎಂಜಿನ್ನಿಗೆ 10,000 ಡಾಲರ್ ದಾಟುವುದು ಸಾಮಾನ್ಯ.

ಹಳೆಯ ಕ್ಯಾಟಲಿನಾ 30ಗಳಲ್ಲಿ ಆಟಾಮಿಕ್ 4 ಎಂಬ ಪೆಟ್ರೋಲ್ ಎಂಜಿನ್ ಸಿಗುತ್ತದೆ. ಎಂಜಿನ್ ಒಳ್ಳೆಯದೇ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಇಳಿದು ಕೂರುತ್ತದೆ. ಶುರು ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ (ಆವಿಯನ್ನು ಹೊರದಬ್ಬುವ ಫ್ಯಾನ್) ಹಾಕಿ, ಬಿಲ್ಜಿಗೆ ಮೂಗು ಹಿಡಿದು, ಆಮೇಲೆ ಕೀಲಿ ತಿರುಗಿಸಿ. ಬ್ಲೋವರ್ ಕೆಟ್ಟಿದ್ದರೆ ಎಂಜಿನ್ ಮುಟ್ಟಬೇಡಿ.

ಹಂತ 8: ವೈರಿಂಗ್ ಮತ್ತು ಅಡುಗೆ ಅನಿಲ

ಸ್ವಿಚ್ ಫಲಕದ ಹಿಂಬದಿ ತೆರೆಸಿ. ಎಲ್ಲ ದಿಕ್ಕಿಗೂ ಹರಿದ ಬಣ್ಣಬಣ್ಣದ ವೈರು, ಮನೆಯ ವೈರು ಜೋಡಿಸಲು ಬಳಸುವ ತಿರುಚು ಟೋಪಿ, ಇನ್ಸುಲೇಷನ್ ಟೇಪ್ ಕಂಡರೆ ಪೂರ್ತಿ ಹೊಸ ವೈರಿಂಗ್ ಲೆಕ್ಕಕ್ಕೆ ಸೇರಿಸಿ. ದಡದ ಕರೆಂಟ್ ಚುಚ್ಚುವ ಸಾಕೆಟ್ಟಿನ ಪಿನ್ನುಗಳು ಸುಟ್ಟು ಕಪ್ಪಾಗಿದ್ದರೆ ಅದನ್ನು ಬದಲಿಸುವವರೆಗೆ ಬಳಸಬಾರದು. ಹಳೆಯ ದೋಣಿಗಳಲ್ಲಿ ಬೆಂಕಿ ಹೊತ್ತುವ ಜಾಗಗಳಲ್ಲಿ ಅದೂ ಒಂದು.

ಪ್ರೊಪೇನ್ ಸಿಲಿಂಡರ್ ಇರುವ ಪೆಟ್ಟಿಗೆಯ ತಳದಿಂದ ಹೊರಕ್ಕೆ, ಸಮುದ್ರಕ್ಕೆ ತೆರೆಯುವ ಕೊಳವೆ ಇರಲೇಬೇಕು. ಒಲೆಯ ಗುಬಟುಗಳನ್ನು ಮುಚ್ಚಿ, ಸಿಲಿಂಡರ್ ತೆರೆದು, ಮತ್ತೆ ಮುಚ್ಚಿ ಅನಿಲದ ಒತ್ತಡದ ಮಾಪಕ ನೋಡಿ. ಮೂರು ನಿಮಿಷ ಮುಳ್ಳು ಅಲುಗಬಾರದು.

ಹಂತ 9: ಷರತ್ತಿನ ಆಫರ್, ಕಾಗದಪತ್ರ

ಇಷ್ಟರವರೆಗೆ ನಿಮ್ಮ ಖರ್ಚು ಬರೀ ಸಮಯ. ಈಗ ‘ಸರ್ವೆ ಮತ್ತು ಸಮುದ್ರ ಪರೀಕ್ಷೆ ಒಪ್ಪಿಗೆಯಾದರೆ ಮಾತ್ರ’ ಎಂಬ ಷರತ್ತಿನೊಂದಿಗೆ ಬರವಣಿಗೆಯಲ್ಲಿ ಆಫರ್ ಕೊಡಿ. ಶೇ. 10 ಮುಂಗಡ ವಾಡಿಕೆ. ಒಪ್ಪಿಗೆಯಾಗದಿದ್ದರೆ ಮುಂಗಡ ವಾಪಸ್ ಎಂಬ ಸಾಲು ಇರಲಿ.

ಅಮೆರಿಕದಲ್ಲಿ 1972ರ ನವೆಂಬರ್ 1ರ ನಂತರ ಕಟ್ಟಿದ ದೋಣಿಗೆ 12 ಅಕ್ಷರ ಮತ್ತು ಅಂಕಿಗಳ ಗುರುತು ಸಂಖ್ಯೆ ಇರುತ್ತದೆ, ಹಿಂಗೋಡೆಯ ಬಲಬದಿ ಮೇಲಂಚಿನಲ್ಲಿ. ಅದು ಕಾಗದದ ಸಂಖ್ಯೆಯೊಂದಿಗೆ ಅಕ್ಷರಕ್ಕಕ್ಷರ ಹೊಂದಬೇಕು. ಕೋಸ್ಟ್ ಗಾರ್ಡ್‌ನಲ್ಲಿ ದಾಖಲಾದ ದೋಣಿಯಾದರೆ ಅದರ ಹಕ್ಕಿನ ಸಾರಾಂಶ ಪತ್ರ ತರಿಸಿ, ಇನ್ನೂ ತೀರಿಸದ ಸಾಲ ಅದರಲ್ಲಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಕೊಳ್ಳುವವರು ಸಣ್ಣ ಹಡಗುಗಳ ನೋಂದಣಿ ಪತ್ರವನ್ನು ಮಾಲೀಕತ್ವದ ಪುರಾವೆ ಎಂದು ತಿಳಿಯಬೇಡಿ. ಹಳೆಯ ಮಾರಾಟ ಪತ್ರಗಳ ಸರಪಳಿ ಕೇಳಿ.

ಹಂತ 10: ನೀರಿನಿಂದ ಮೇಲೆತ್ತಿಸಿ, ಸರ್ವೇಯರ್ ಜೊತೆಗಿರಿ

ಸರ್ವೇಯರ್‌ರನ್ನು ನೀವೇ ಆರಿಸಿ, ಮಾರುವವರ ದಲ್ಲಾಳಿ ಹೇಳಿದವರನ್ನಲ್ಲ. ಅಮೆರಿಕದಲ್ಲಿ ಅಡಿಗೆ ಸುಮಾರು 20ರಿಂದ 30 ಡಾಲರ್, ದೋಣಿ ಎತ್ತುವ ಕ್ರೇನಿನ ಬಾಡಿಗೆ ಬೇರೆ. ಸರ್ವೇಯರ್‌ಗಳು ಸಾಮಾನ್ಯವಾಗಿ ಎಂಜಿನ್ ಒಳಗನ್ನೂ ಮಾಸ್ಟಿನ ತುದಿಯನ್ನೂ ನೋಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ನಿಮ್ಮ ಸೀಮೆಸುಣ್ಣದ ಫೋಟೊಗಳನ್ನು ಅವರಿಗೆ ಕೊಡಿ.

ಎತ್ತಿದ ಕೂಡಲೆ ಕೀಲ್ ಮತ್ತು ಹಲ್ ಸೇರುವ ಗೆರೆಯನ್ನು ನೋಡಿ. ಕ್ಯಾಟಲಿನಾಗಳಲ್ಲಿ ಮುಂಭಾಗದಲ್ಲಿ ನಗುವಿನಂತೆ ಬಾಗಿದ ಬಿರುಕು ಬರುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ಕ್ಯಾಟಲಿನಾ ನಗು’ ಎಂದೇ ಹೆಸರು. ಒಣ ಕೂದಲೆಳೆ ಬಿರುಕಾದರೆ ಬೋಲ್ಟ್ ಬಿಗಿದು ತುಂಬಿಸಬಹುದು. ಗಂಟೆ ಕಳೆದರೂ ಅಲ್ಲಿಂದ ತುಕ್ಕುನೀರು ಜಿನುಗುತ್ತಿದ್ದರೆ ಬೋಲ್ಟುಗಳಿಗೆ ನೀರು ತಲುಪಿದೆ. ಚುಕ್ಕಾಣಿಯನ್ನೂ ಹೀಗೆಯೇ ಕಾದು ನೋಡಿ. ಅದರ ತಳದಿಂದ ಹನಿ ನಿಲ್ಲದಿದ್ದರೆ ಒಳಗಿನ ಫೋಮ್ ನೆನೆದಿದೆ, ಅದರೊಳಗಿನ ಉಕ್ಕಿನ ಬೆಸುಗೆಗಳೂ ಸವೆಯುತ್ತಿರಬಹುದು. ಕೆಳತುದಿ ಹಿಡಿದು ಅಲುಗಾಡಿಸಿ ಸಡಿಲವಿದೆಯೇ ನೋಡಿ. ಪ್ರೊಪೆಲರ್ ದಂಡವನ್ನೂ ಹಾಗೆಯೇ ಅಲುಗಿಸಿ, ಒಂದಂಗುಲ ದಪ್ಪದ ದಂಡ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಆಡಬಾರದು.

ಹಲ್‌ನ ಮೈಮೇಲೆ ಗುಳ್ಳೆಗಳಿದ್ದರೆ ಎದೆಗುಂದಬೇಕಿಲ್ಲ. ಫೈಬರ್‌ನ ರಾಳದೊಳಗೆ ನೀರು ಇಳಿದು ಆಗುವ ಗುಳ್ಳೆ ಅದು. ಚುಚ್ಚಿದರೆ ಹುಳಿ ವಾಸನೆಯ ರಸ ಬರುತ್ತದೆ, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ. ಬಟಾಣಿ ಗಾತ್ರದ ಹತ್ತಾರು ಗುಳ್ಳೆ ಬೆಲೆ ಇಳಿಸಲು ಕಾರಣ, ದೋಣಿ ಬಿಡಲು ಕಾರಣವಲ್ಲ. ಅಂಗೈಯಗಲದವು, ಪದರ ಬೇರ್ಪಟ್ಟವು ಇದ್ದರೆ ಮಾತು ಬೇರೆ.

ಹಂತ 11: ಹಾಯಿ ಎತ್ತಿ ಹೊರಡಿ

10ರಿಂದ 15 ನಾಟ್ (ಗಂಟೆಗೆ ಸುಮಾರು 19ರಿಂದ 28 ಕಿ.ಮೀ.) ಗಾಳಿ ಇರುವ ದಿನ ಆರಿಸಿ. ಗಾಳಿಗೆ ಆದಷ್ಟು ಎದುರಾಗಿ, ದೋಣಿ ವಾಲುವಂತೆ ಎರಡೂ ಬದಿಗೆ ಅರ್ಧರ್ಧ ಗಂಟೆ ಓಡಿಸಿ. ಗಾಳಿಯ ಬದಿಯಲ್ಲಲ್ಲದ ತಂತಿಗಳು ತುಸು ಸಡಿಲವಾಗುವುದು ಸರಿ, ಜೋಲಾಡಬಾರದು. ಆ ಹೊತ್ತಿನಲ್ಲಿ ಒಬ್ಬರು ಕೆಳಗಿಳಿದು ಶೌಚದ ಬಾಗಿಲನ್ನು ಮತ್ತೆ ಮುಚ್ಚಿ ತೆರೆಯಲಿ, ಅಡ್ಡಗೋಡೆಯ ಅಂಚಿಗೆ ಬೆರಳಿಟ್ಟು ಅದು ಜರುಗುತ್ತಿದೆಯೇ ನೋಡಲಿ. ಚುಕ್ಕಾಣಿಯ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲಿಯೂ ಹಿಡಿಯಬಾರದು.

ಹೊರಡುವ ಮೊದಲು ಬಿಲ್ಜನ್ನು ಒಣಗುವಂತೆ ಒರೆಸಿ, ಕೀಲ್ ಬೋಲ್ಟುಗಳ ಸುತ್ತ, ಪ್ರೊಪೆಲರ್ ದಂಡದ ಕೆಳಗೆ, ಚೈನ್‌ಪ್ಲೇಟುಗಳ ಬುಡದಲ್ಲಿ ಟಿಶ್ಯೂ ಹಾಸಿಡಿ. ದಂಡದ ಕೆಳಗಿನದು ಕೆಲವು ಹನಿ ಬಿದ್ದು ಒದ್ದೆಯಾದರೆ ಸಹಜ, ದಂಡದ ಸುತ್ತ ನೀರು ತಡೆಯುವ ಹಳೆಯ ಬಗೆಯ ಗ್ರಂಥಿ, ದಂಡ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬಿಡಲೇಬೇಕು. ಬೋಲ್ಟುಗಳ ಸುತ್ತಲಿನ ಕಾಗದ ಒದ್ದೆಯಾಗಿ ಬಂದರೆ ಆ ಕಾಗದದ ಫೋಟೊವನ್ನು ಸರ್ವೆ ವರದಿಯ ಜೊತೆಗಿಟ್ಟು, ರಿಪೇರಿಯ ಅಂದಾಜು ಪೂರ್ತಿ ಕಳೆದ ಬೆಲೆಯನ್ನು ಮಾರುವವರಿಗೆ ಬರೆದು ಕಳುಹಿಸಿ.